ಮನಾ ಹೈ ಅಂದರೆ ಮನೆಯಲ್ಲ

ಆಗ ನನಗೆ ಅರವತ್ತೇಳು ವರ್ಷ. ಈಗ್ಗೆ ಐದು ವರ್ಷದ ಹಿಂದಿನ ಮಾತು. ದೆಹಲಿಗೆ ಮಗಳ ಮನೆಗೆ ಬಂದ ಮೂರನೆಯ ದಿನ ಬಿಸಿಲು ಕಾಯಿಸೋಣವೆಂದು ಹೊರಗಿನ ಮೋಟುಗೋಡೆಯ ಮೇಲೆ ಕೂತಿದ್ದೆ. ಖಾಕಿ ಸ್ವೆಟರು ತೊಟ್ಟ ಕಾವಲುಗಾರ ಬಂದು, ಕೋಲನ್ನು ನೆಲಕ್ಕೆ ಕುಟ್ಟಿ, "ಮಾತಾಜಿ, ಯಹಾಂ ಬೈಠ್‌ನಾ ಮನಾ ಹೈ" ಅಂದ. ಮಾತಾಜಿ ಅಂದರೆ ತಾಯಿ, ಬೈಠ್‌ನಾ ಅಂದರೆ ಕೂರುವುದು. ಅಷ್ಟನ್ನು ಮಗಳು ಹೇಳಿಕೊಟ್ಟಿದ್ದಳು. ಉಳಿದ 'ಮನಾ' ನನ್ನ ಕಿವಿಗೆ ಮನೆ. ಕೂತುಕೋ ತಾಯಿ, ಇದು ನಿನ್ನ ಮನೆಯೇ ಅನ್ನುತ್ತಿದ್ದಾನೆ ಅಂದುಕೊಂಡೆ. "ಅಚ್ಛಾ ಭಯ್ಯಾ" ಅಂದು ಕಾಲು ಚಾಚಿ ಇನ್ನೂ ಸರಿಯಾಗಿ ಕೂತೆ.

ಹೀಗೆ ಅವನು ದಿನವೂ ಹೇಳುವುದು, ನಾನು ದಿನವೂ ಅಚ್ಛಾ ಅನ್ನುವುದು. ಹದಿನೈದು ದಿನಕ್ಕೆ ಅವನಿಗೇ ಸಾಕಾಯಿತು. ಯಾರೋ ದೊಡ್ಡ ಸಾಹೇಬರ ತಾಯಿ ಇರಬೇಕು ಅಂದುಕೊಂಡನೋ ಏನೋ.

ಮಗಳು, ಅಳಿಯ ಇಬ್ಬರೂ ಕೇಂದ್ರ ಸರ್ಕಾರದ ಗುಮಾಸ್ತರು. ಲೋಧಿ ಕಾಲೋನಿಯ ಹಳೆಯ ಕ್ವಾರ್ಟರ್ಸು. ಒಂಬತ್ತಕ್ಕೆ ಬಾಗಿಲೆಳೆದುಕೊಂಡು ಅವರೂ ಮೊಮ್ಮಗಳೂ ಹೋದರೆ ಒಳಗೆ ನಾನು, ಫ್ರಿಜ್ಜು, ಇಬ್ಬರೇ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಹೂ ಮಾರಿದವಳು ನಾನು. ಅಲ್ಲಿ ಬಾಯಿ ಮುಚ್ಚಿದರೆ ವ್ಯಾಪಾರವಿಲ್ಲ, ಇಲ್ಲಿ ಬಾಯಿ ತೆರೆದರೆ ಕೇಳುವವರಿಲ್ಲ. ಎದುರು ಮನೆಯಾಕೆ "ಕ್ಯಾ ಹಾಲ್ ಹೈ" ಅಂದರೆ, ಹೇಗಿದ್ದೀರಿ ಅಂತ ಕೇಳುತ್ತಿದ್ದಾಳೆ ಅಂತ ತಿಳಿಯದೆ, "ಹಾಲು ಬಂತು" ಅಂತ ಪ್ಯಾಕೆಟ್ಟು ತೋರಿಸಿದ್ದೆ. ಆಮೇಲೆ ಆಕೆ ಕೇಳುವುದನ್ನೇ ಬಿಟ್ಟಳು.

ನನ್ನನ್ನು ಬಿಡದೆ ಮಾತಾಡಿಸಿದವಳು ರಾಮಕಲಿ ಒಬ್ಬಳೇ. ಗೋಡೆಯ ಎದುರು ಬೇವಿನ ಮರದ ಕೆಳಗೆ ಮೇಜು ಹಾಕಿ, ಇದ್ದಿಲಿನ ಪೆಟ್ಟಿಗೆಯಿಂದ ಇಡೀ ಬ್ಲಾಕಿನ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಯುಪಿ ಕಡೆಯ ಹಳ್ಳಿಯವಳು. ನಾನು ಬಟಾಣಿ ಸುಲಿಯುತ್ತ ಕನ್ನಡದಲ್ಲಿ ಹೇಳುವುದು, ಅವಳು ಇಸ್ತ್ರಿ ಎಳೆಯುತ್ತ ಹಿಂದಿಯಲ್ಲಿ ಹೇಳುವುದು. ಗಂಡಂದಿರನ್ನು ಬೈಯುವುದಕ್ಕೆ ಭಾಷೆ ಒಂದೇ ಆಗಬೇಕಿಲ್ಲ. ಅವಳಿಂದಲೇ ನಾನು ನಾಲ್ಕು ತಿಂಗಳಲ್ಲಿ ಹಮ್, ತುಮ್, ಅಬ್, ಭೀ ಎಲ್ಲ ಕಲಿತದ್ದು.

ಒಂದು ಶನಿವಾರ ಅವಳು ಕೆಲಸ ನಿಲ್ಲಿಸಿ ಕೂತಿದ್ದಳು. ಕಣ್ಣು ಒದ್ದೆ. "ಅಮ್ಮಾಜಿ, ಸೋಮವಾರ್ ಸೇ ಹಮ್‌ಕೋ ಭೀ ಮನಾ ಹೈ" ಅಂದಳು. ಸೋಮವಾರದಿಂದ ನಮಗೂ ಮನೆ! ಎಲ್ಲೋ ತಗಡಿನ ಗುಡಿಸಲಲ್ಲಿ ಇರುವವಳಿಗೆ ಕೊನೆಗೂ ಮನೆ ಸಿಕ್ಕಿತಲ್ಲ ಎಂದು ನನಗೆ ಹಿಗ್ಗು. ಒಳಗೆ ಹೋಗಿ ತುಪ್ಪ ಸುರಿದು ಕೇಸರಿಬಾತು ಮಾಡಿ ತಂದು, "ಬಹುತ್ ಅಚ್ಛಾ, ಬಹುತ್ ಅಚ್ಛಾ" ಅಂತ ಅವಳ ಬಾಯಿಗೆ ನಾನೇ ಇಟ್ಟೆ. ಅವಳು ನನ್ನ ಮುಖವನ್ನೇ ನೋಡಿದಳು. ಅಳುತ್ತಲೇ ನುಂಗಿದಳು. ಸಂತೋಷಕ್ಕೆ ಅಳುತ್ತಾಳೆ ಅಂದುಕೊಂಡೆ.

ಮಾರನೆಯ ದಿನ ಭಾನುವಾರ ಮಧ್ಯಾಹ್ನ ಮೊಮ್ಮಗಳು ಶ್ರುತಿ ನನ್ನನ್ನು ಇಂಗ್ಲಿಷ್ ಸಿನಿಮಾಕ್ಕೆ ಕರೆದುಕೊಂಡು ಹೋದಳು. ಅವಳ ಗೆಳತಿ ಕೈಕೊಟ್ಟಿದ್ದಳು, ಟಿಕೇಟು ಮಿಕ್ಕಿತ್ತು. "ಅಜ್ಜಿ, ಬಹುತ್ ಸೀರಿಯಸ್ ಫಿಲ್ಮು. ಮಧ್ಯ ಮಧ್ಯ ಮಾತಾಡ್ಬೇಡ" ಅಂತ ಮೊದಲೇ ಹೇಳಿದಳು.

ಸಿನಿಮಾದಲ್ಲಿ, ಮುಂದೆಂದೋ ಬರುವ ಕಾಲದ ಯಾವುದೋ ಊರು. ಎಲ್ಲರಿಗೂ ಬೂದಿ ಬಣ್ಣದ ಬಟ್ಟೆ. ಕಂಬಕ್ಕೊಂದು ಮೈಕು, ಅದರಲ್ಲಿ ಸರ್ಕಾರ ಹೊತ್ತು ಹೊತ್ತಿಗೂ ಗದರುತ್ತದೆ. ಬೀದಿಯಲ್ಲಿ ಇಬ್ಬರು ಮಾತಾಡುತ್ತ ನಿಂತಿದ್ದರು. ಹೆಲ್ಮೆಟ್ಟಿನವರು ಬಂದು ಒಬ್ಬಳನ್ನು ವ್ಯಾನಿಗೆ ತಳ್ಳಿದರು.

"ಯಾಕೇ?" ಅಂದೆ.

"ಅಲ್ಲಿ ರಸ್ತೇಲಿ ಬಾತ್ ಮಾಡೋದು ಮನಾ ಹೈ, ಅಜ್ಜಿ. ಅದಕ್ಕೇ ಹಿಡ್ಕೊಂಡು ಹೋದ್ರು."

"ಮನೆಗಾ?"

"ಮನೆ ಅಲ್ಲ, ಮನಾ! ಬೇಡ ಅಂತ. ಮಾಡೋ ಹಾಗಿಲ್ಲ ಅಂತ. ಶ್ಶ್!"

ವ್ಯಾನಿನಲ್ಲಿ ಹೋದವಳ ಪಕ್ಕದ ಮನೆಯಾಕೆ ಟೋಪಿ ಹೊಲಿಯುವವಳು. ಬೀದಿಗೆ ಕುರ್ಚಿ ತಂದು ಹಾಕಿ, ಒಬ್ಬಳೇ ಗಟ್ಟಿಯಾಗಿ ಮಾತಾಡತೊಡಗಿದಳು. ಮರುದಿನ ಇನ್ನೊಬ್ಬ ಬಂದ, ಆಮೇಲೆ ಹತ್ತು ಜನ, ಆಮೇಲೆ ಬೀದಿ ತುಂಬ. ಗುಂಡು ಹಾರಿತು. ಆದರೂ ಯಾರೂ ಏಳಲಿಲ್ಲ. ಅಷ್ಟೂ ಜನಕ್ಕೆ ಅಡುಗೆ ಯಾರು ಮಾಡಿದರೋ, ಅದನ್ನು ತೋರಿಸಲಿಲ್ಲ. ಗುಂಡು ಹಾರಿಸಿದ ಹುಡುಗನೂ ಹೆಲ್ಮೆಟ್ಟು ತೆಗೆದು ಅತ್ತ. ಪಾಪ, ಅವನಿಗೆ ಯಾರು ಏನು ಹೇಳಿ ಕಳಿಸಿದ್ದರೋ.

ನಾನು ಅರ್ಧ ನೋಡಿದೆ, ಅರ್ಧ ನೋಡಲಿಲ್ಲ. ರಾಮಕಲಿಯ ಬಾಯಿಗೆ ಇಟ್ಟ ಕೇಸರಿಬಾತೇ ಕಣ್ಣಿಗೆ ಕಟ್ಟುತ್ತಿತ್ತು. ಅನ್ನ ಕಿತ್ತುಕೊಂಡರು ಅಂತ ಅವಳು ಹೇಳಿದರೆ, ನಾನು ಬಹುತ್ ಅಚ್ಛಾ ಅಂದು ಸಿಹಿ ತಿನ್ನಿಸಿದ್ದೆ.

ರಾಮಕಲಿಯನ್ನು ಮರದ ಕೆಳಗಿಂದ ಎಬ್ಬಿಸುತ್ತಾರಂತೆ, ನಿಜವಾ ಅಂತ ಸಂಜೆ ಅಳಿಯಂದಿರನ್ನು ಕೇಳಿದೆ. "ಹೌದು ಅತ್ತೆ. ಕಾರು ನಿಲ್ಲಿಸೋಕೆ ಜಾಗ ಇಲ್ಲ, ಹೊಗೆ ಬೇರೆ. ಬ್ಲಾಕಿನ ಸಮಿತಿಯವರು ಕಾಗದ ತಂದ್ರು. ಎಲ್ಲರೂ ಸಹಿ ಹಾಕಿದ್ರು, ನಾನೂ ಹಾಕಿದೆ" ಅಂದರು. ಕೆಟ್ಟವರಲ್ಲ. ನನ್ನ ಮೊಣಕಾಲಿಗೆ ಎಣ್ಣೆ ತಪ್ಪಿಸದೆ ತರುವವರು.

"ಸಹಿ ಹಾಕುವಾಗ ಮೈಮೇಲಿದ್ದ ಶರ್ಟನ್ನು ಇಸ್ತ್ರಿ ಮಾಡಿದ್ದು ಯಾರು?" ಅಂದೆ.

ಅವರು ಟಿವಿ ಕಡೆ ತಿರುಗಿದರು. ನಾನು ಬಿಡಲಿಲ್ಲ. "ನಮ್ಮದು ಕೆಳಗಿನ ಮನೆ, ಹಿಂದೆ ಹಿತ್ತಲಿದೆ. ಅವಳು ಅಲ್ಲೇ ಮಾಡಿಕೊಳ್ಳಲಿ."

ಮಗಳು ಅಡುಗೆಮನೆಯಿಂದ ಓಡಿ ಬಂದಳು. "ಅಮ್ಮ, ಇದು ಸರ್ಕಾರಿ ಮನೆ. ಯಾರಾದ್ರೂ ಕಂಪ್ಲೇಂಟ್ ಕೊಟ್ಟು, ಖಾಲಿ ಮಾಡಿ ಅಂತ ನೋಟೀಸು ಬಂದ್ರೆ?"

"ಬಂದರೆ ನನ್ನ ಹೆಸರು ಹೇಳು. ಮುದುಕಿ, ಭಾಷೆ ಬರಲ್ಲ, ತಿಳೀದೆ ಮಾಡಿದಳು ಅನ್ನು."

ಶ್ರುತಿ ನಕ್ಕುಬಿಟ್ಟಳು. ಅಳಿಯಂದಿರು ಟಿವಿಯ ಸದ್ದು ಹೆಚ್ಚಿಸಿದರು.

ಮಧುಗಿರಿಯಲ್ಲಿ ಬೇಡ ಅನ್ನುವವನಿಗೆ ಒಂದು ಮುಖವಿರುತ್ತದೆ. ಏಳಮ್ಮ ಇಲ್ಲಿಂದ ಅಂತ ಅವನು ಬೈದರೆ ನಾವೂ ತಿರುಗಿ ಬೈಯಬಹುದು. ಇಲ್ಲಿ 'ಮನಾ ಹೈ' ಅಂದರೆ ಮುಗಿಯಿತು. ಯಾರು ಬೇಡ ಅಂದರು, ಯಾಕೆ ಅಂದರು, ಆ ಮಾತಿನೊಳಗೆ ಇಲ್ಲ. ಮಳೆ ಬಂತು ಅನ್ನುವ ಹಾಗೆ ಅನ್ನುತ್ತಾರೆ. ಊರಿನ ಬಾಡಿಗೆ ಮನೆ ಬಿಟ್ಟು ಬಂದೆ, ಅಲ್ಲಿ ಈಗ ಬೇರೆ ಯಾರೋ ಇದ್ದಾರೆ. ಇದು ಸರ್ಕಾರದ್ದು. ಅಳಿಯಂದಿರು ರಿಟೈರಾದ ದಿನ ಇದನ್ನೂ ಬಿಡಬೇಕು. ಈಗಲೂ ಯಾರಾದರೂ ಮನಾ ಹೈ ಅಂದರೆ ಮೊದಲು ನನ್ನ ಕಿವಿಗೆ ಮನೆ ಅಂತಲೇ ಕೇಳುತ್ತದೆ. ಅರ್ಥ ಆಮೇಲೆ ಬರುತ್ತದೆ.

ಸೋಮವಾರ ಬೆಳಿಗ್ಗೆ ಆರಕ್ಕೇ ಎದ್ದೆ. ಮಂಜು ಮುಸುಕಿತ್ತು. ರಾಮಕಲಿ ಇಸ್ತ್ರಿಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತುತ್ತಿದ್ದಳು. ತಪ್ಪಾಯಿತು ಅನ್ನುವುದಕ್ಕೆ ಹಿಂದಿ ಗೊತ್ತಿರಲಿಲ್ಲ, ಕನ್ನಡದಲ್ಲೇ ಅಂದೆ. ಆಮೇಲೆ ಮೇಜಿನ ಒಂದು ತುದಿ ಹಿಡಿದು, "ಉಠಾವೋ" ಅಂದೆ. ಅವಳು ಇನ್ನೊಂದು ತುದಿ ಎತ್ತಿದಳು. ಹಿತ್ತಲ ಬಾಗಿಲು ಕಿರಿದು. ಮೇಜನ್ನು ಓರೆ ಮಾಡಿಕೊಂಡು, ನಾನು ಹಿಂದೆ ಹಿಂದೆ ಹೆಜ್ಜೆಯಿಟ್ಟು, ಅದನ್ನೂ ಅವಳನ್ನೂ ಒಳಕ್ಕೆ ಎಳೆದುಕೊಂಡೆ.