ಪಾಯಸದ ಬಕೆಟ್ಟಿಗಾಗಿ ತೊಡೆ ಹೊಲಿಸಿಕೊಂಡ ಶೀನಣ್ಣ

ಕಲ್ಕತ್ತೆಯ ಗರಿಯಾಹಾಟಿನ ಸೀರೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಇಡ್ಲಿ-ದೋಸೆಯ ಹೋಟೆಲು ನಡೆಸುವ ಶೀನಣ್ಣ ಕುಳಿತದ್ದನ್ನು ಎರಡು ವರ್ಷ ಯಾರೂ ಕಂಡಿರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ನಿಂತೇ ಇರುತ್ತಿದ್ದರು, ನಿಂತೇ ಚಹಾ ಕುಡಿಯುತ್ತಿದ್ದರು, ಖಾಲಿ ಬಸ್ಸಿನಲ್ಲೂ ಕಂಬಿ ಹಿಡಿದು ನೇತಾಡುತ್ತಿದ್ದರು. ಪುರಾಣ ಹುಟ್ಟಲು ಇಷ್ಟು ಸಾಲದೆ? ಈ ದಾದಾ ಕಾಳಿಘಾಟಿನ ತಾಯಿಗೆ ಹರಕೆ ಹೊತ್ತಿದ್ದಾರೆ, ಮಗಳ ಮದುವೆಯಾಗದೆ ಕೂರುವುದಿಲ್ಲ ಎಂದು ಎದುರಿನ ಸೀರೆ ವ್ಯಾಪಾರಿ ಸಾರಿದ. ನಿದ್ದೆಯೂ ಕುದುರೆಯ ಹಾಗೆ ನಿಂತೇ ಎಂದು ಮೀನಿನವಳು ಸೇರಿಸಿದಳು. ಪರೀಕ್ಷೆಗೆ ಹೊರಟ ಹುಡುಗಿಯೊಬ್ಬಳು ಬಂದು ಕಾಲು ಮುಟ್ಟಿ ನಮಸ್ಕರಿಸಿದಳು. ಅವಳನ್ನು ಎತ್ತಲು ಬಗ್ಗಿದ ತಪಸ್ವಿ ಚೀರಿಕೊಂಡರು. ಅದನ್ನೇ ಆಶೀರ್ವಾದವೆಂದು ತಿಳಿದು ಹುಡುಗಿ ಖುಷಿಯಿಂದ ಹೋದಳು.

ತಪಸ್ಸಿನ ಮೂಲ ಬಾಲಿಗಂಜಿನಲ್ಲಿತ್ತು. ಕಲ್ಕತ್ತೆಯ ನಾವು ಕನ್ನಡಿಗರು ಪ್ರತಿ ವರ್ಷ ಅಲ್ಲೊಂದು ಹಾಲ್ ಬಾಡಿಗೆಗೆ ಹಿಡಿದು ಅಷ್ಟಮಿಯ ಊಟ ಮಾಡುತ್ತೇವೆ. ನೆಲದ ಮೇಲೆ ಎಲೆಗಳ ಸಾಲು, ಸಾಲಿನ ಹಿಂದೆ ಪ್ರೊಫೆಸರುಗಳು, ವಿದ್ಯಾರ್ಥಿಗಳು, ಹೋಟೆಲಿನವರು. ಅನ್ನ ಯಾರಾದರೂ ಬಡಿಸಲಿ, ಪಾಯಸದ ಬಕೆಟ್ಟು ಮಾತ್ರ ಶೀನಣ್ಣನದು. ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಸೌಟು. ಮೊಣಕಾಲು ಮಡಚದೆ ಸೊಂಟದಿಂದ ಬಗ್ಗಿ, ಎದ್ದು, ಮುಂದಿನ ಎಲೆಗೆ. ಮೊಣಕಾಲು ಮಡಚಿ ಬಡಿಸುವವರನ್ನು ಕಂಡರೆ, "ಎಂತ, ಉಂಗುರ ಬಿದ್ದಿದಾ?" ಎಂದು ಕೇಳುತ್ತಿದ್ದರು. ಅವರದೊಂದು ಕಟ್ಟುನಿಟ್ಟಿತ್ತು: ಸಾಲು ಮುಗಿಯುವ ತನಕ ಪಾಯಸದ ಬಕೆಟ್ಟು ನೆಲ ಮುಟ್ಟಬಾರದು.

ಆ ಅಷ್ಟಮಿಯಂದು ಯಾರೋ ಚೆಲ್ಲಿದ ಸಾರಿನ ಮೇಲೆ ಅವರ ಬಲಗಾಲು ಬಿತ್ತು. ಕಾಲು ಮುಂದಕ್ಕೆ ಓಡಿತು, ಶೀನಣ್ಣ ಹಿಂದೆಯೇ ಉಳಿದರು. ಬೇರೆ ಯಾರಾದರೂ ಬಕೆಟ್ಟು ಎಸೆದು ಕೈಯೂರುತ್ತಿದ್ದರು. ಇವರು ಬಕೆಟ್ಟನ್ನು ತಲೆಯ ಮೇಲೆತ್ತಿ ಹಿಡಿದು ಕತ್ತರಿಯಂತೆ ಬಿಚ್ಚಿಕೊಂಡರು. 'ಟಪ್' ಎಂಬ ಸದ್ದು ಕೇಳಿತು. ಹಪ್ಪಳ ಮುರಿದಿರಬೇಕೆಂದು ನಾವು ತಿಳಿದೆವು. ಒಂದು ಹನಿ ಪಾಯಸವೂ ಚೆಲ್ಲಲಿಲ್ಲ. ಹಾಲ್ ಇಡೀ ಚಪ್ಪಾಳೆ ತಟ್ಟಿತು. ಮಹಾನುಭಾವರು ಎದ್ದು, ಬೆವರುತ್ತ, ಕುಂಟುತ್ತ, ಉಳಿದ ಸಾಲನ್ನೂ ಬಡಿಸಿ ಮುಗಿಸಿದರು.

ಆಮೇಲೆ ಎಲ್ಲರೂ ವೈದ್ಯರಾದೆವು. ನರ ಹೊರಳಿದೆ ಎಂದೆವು, ವಾಯು ಎಂದೆವು. ಊರಿನಿಂದ ಎಣ್ಣೆ ಬಂತು. ಹೆಂಡತಿ ಮುಕ್ತಾ ಬಿಸಿನೀರಿನ ಶಾಖ ಕೊಟ್ಟರು. ಶೀನಣ್ಣ ಕೂತರೆ ಕೆಂಡದ ಮೇಲೆ ಕೂತಂತೆ, ನಿಂತರೆ ಪರವಾಗಿಲ್ಲ. ಹಾಗಾಗಿ ನಿಂತರು. ಮುಂದಿನ ಎರಡು ಅಷ್ಟಮಿಗಳಿಗೂ ಬಕೆಟ್ಟು ಮುಕ್ತಾರ ತಮ್ಮ ರವಿರಾಜನ ಕೈಗೆ ಹೋಯಿತು. ಅವನು ಕಣ್ಣಿಗೆ ಔಷಧಿ ಬಿಡುವಂತೆ ಪಾಯಸ ಬಿಟ್ಟ.

"ಭಾವ, ನೀವು ಬಾಗಿಲಲ್ಲಿ ನಿಂತು 'ಬನ್ನಿ ಬನ್ನಿ' ಹೇಳಿದ್ರೆ ಸಾಕು," ಎಂದ ಎರಡನೆಯ ವರ್ಷ.

ಎರಡು ವರ್ಷದ ನೋವಿಗೆ ಬಗ್ಗದವರು ಈ ಒಂದು ಮಾತಿಗೆ ಕುಸಿದರು. ಮರುದಿನವೇ ಮಗಳು ಮಾನ್ಯಳ ಹಿಂದೆ ಮೂಳೆಯ ಸರ್ಜನ್ ಡಾ. ಘೋಷಾಲ್ ಅವರ ಬಾಗಿಲಿಗೆ ಹೋದರು.

ಡಾಕ್ಟರಮ್ಮ ಎಂಆರ್‌ಐ ಚಿತ್ರ ನೋಡಿ ಹುಬ್ಬೇರಿಸಿದರು. ತೊಡೆಯ ಹಿಂಭಾಗದ ಸ್ನಾಯುಗಳನ್ನು, ನಾವು ಕೂರುವಾಗ ಕೆಳಗೆ ತಾಗುವ ಮೂಳೆಗೆ ಕಟ್ಟಿರುವ ಹುರಿ ಪೂರ್ತಿ ಕಿತ್ತುಹೋಗಿತ್ತು.

"ಇದು ಓಟಗಾರರಿಗೆ, ಫುಟ್ಬಾಲ್ ಆಡುವವರಿಗೆ ಆಗುವ ಪೆಟ್ಟು," ಎಂದು ಹಿಂದಿಯಲ್ಲಿ ಹೇಳಿದರು. "ಯಾವ ಕ್ಲಬ್ಬಿಗೆ ಆಡ್ತೀರಿ ದಾದಾ?"

"ಪಾಯಸ," ಎಂದರು ಶೀನಣ್ಣ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಶೀನಣ್ಣ ಕೋಣೆಯ ಕಸದ ಬುಟ್ಟಿ ಎತ್ತಿಕೊಂಡರು.

"ಅಪ್ಪಾ, ಪ್ಲೀಸ್, ಡೆಮೊ ಬೇಡ!" ಎಂದು ಮಾನ್ಯ ತಡೆಯುವಷ್ಟರಲ್ಲಿ ಅವರು ಡಾಕ್ಟರ ಮೇಜಿಗೆ ಬಗ್ಗಿ ಬಡಿಸಿ, ಅಲ್ಲೇ ಸಿಕ್ಕಿಕೊಂಡರು. ನೆಟ್ಟಗೆ ಮಾಡಲು ಇಬ್ಬರು ಬೇಕಾಯಿತು.

ಡಾಕ್ಟರ್ ನಗು ನುಂಗಿಕೊಂಡು ವಿವರಿಸಿದರು. ಆಗಲೇ ಬಂದಿದ್ದರೆ ಎಳೆದು ಹೊಲಿದು ಮುಗಿಸಬಹುದಿತ್ತು. ಈಗ ಹುರಿ ಕೆಳಗೆ ಜಾರಿ, ಕುಗ್ಗಿ, ಕಾಲಿನ ದೊಡ್ಡ ನರಕ್ಕೆ ಅಂಟಿಕೊಂಡಿದೆ. ಮೊದಲು ನರ ಬಿಡಿಸಬೇಕು. ಹುರಿ ಮೂಳೆಯವರೆಗೆ ಎಟುಕದಿದ್ದರೆ ಬೇರೆಡೆಯಿಂದ ತುಂಡು ತಂದು ಕೂಡಿಸಬೇಕು. "ಕೂರುವ ಹಾಗೆ ಆಗಬಹುದು. ಆದರೆ ಈ ಬಗ್ಗುವುದು... ಮಾತು ಕೊಡಲಾರೆ."

"ಕೂತ್ರೆ ಸಾಕು ನಮ್ಗೆ," ಎಂದರು ಮುಕ್ತಾ, ಮನೆಗೆ ಬಂದ ಮೇಲೆ.

"ಕೂರ್ಲಿಕ್ಕೆ ಎಂತಕ್ಕೆ ಆಪರೇಷನ್? ನಿಂತೇ ಬದುಕ್ತೇನೆ. ನಂಗೆ ಬಗ್ಗಲಿಕ್ಕೆ ಆಗ್ಬೇಕು!"

ಅಂತೂ ಯೋಧನನ್ನು ಬೋರಲು ಮಲಗಿಸಿ ಯುದ್ಧ ಶುರುವಾಯಿತು. ನರ ಬಿಡಿಸಲಿಕ್ಕೇ ಅರ್ಧ ಹೊತ್ತು ಹಿಡಿಯಿತಂತೆ. "ಕಾವಲಿಗೆ ಹಿಡಿದ ದೋಸೆ ಹರಿಯದ ಹಾಗೆ ಎಬ್ಬಿಸಿದ್ದಾರೆ," ಎಂದು ಶೀನಣ್ಣ ಆಮೇಲೆ ತಾವೇ ಕಂಡಂತೆ ವರ್ಣಿಸಿದರು. ಆಗ ಅವರಿಗೆ ಪ್ರಜ್ಞೆಯೇ ಇರಲಿಲ್ಲ. ಹುರಿ ಎಟುಕಲಿಲ್ಲ. ಎಡಗಾಲಿನಿಂದ ಒಂದು ಎಳೆ ತೆಗೆದು ಸೇತುವೆ ಕಟ್ಟಿ, ಮೂಳೆಯಲ್ಲಿ ಪುಟ್ಟ ಗೂಟಗಳನ್ನು ನೆಟ್ಟು ಬಿಗಿದು ಹೊಲಿದರು.

ಮುಂದಿನದು ಅಜ್ಞಾತವಾಸ. ಮೊಣಕಾಲು ಮಡಚಿಯೇ ಇರಲೆಂದು ಪಟ್ಟಿ ಕಟ್ಟಿದರು, ಕಂಕುಳಿಗೆ ಊರುಗೋಲು ಕೊಟ್ಟರು. ಕಾಲು ನೀಡಿ ಬಗ್ಗಿದರೆ ಹೊಲಿಗೆ ಬಿಚ್ಚೀತೆಂದು ಡಾಕ್ಟರ್ ಹೆದರಿಸಿದ್ದರು. ಉಂಗುರದ ಮಾತಾಡುತ್ತಿದ್ದ ಮನುಷ್ಯ ಮೊಣಕಾಲು ಮಡಚಿಕೊಂಡೇ ಗಲ್ಲಿಯಲ್ಲಿ ಓಡಾಡಿದರು. ನಾವು ದಯೆಯಿಲ್ಲದೆ, "ಸಿಕ್ಕಿತಾ ಶೀನಣ್ಣ?" ಎಂದು ಕೇಳಿದೆವು. ಅವರು ಊರುಗೋಲು ಎತ್ತಿ ತೋರಿಸಿದರು. ತಿಂಗಳುಗಟ್ಟಲೆ ವ್ಯಾಯಾಮ ನಡೆಯಿತು. ಒಂದು ಮಧ್ಯಾಹ್ನ ಅವರು ಹೋಟೆಲಿನ ಕುರ್ಚಿಯ ಮೇಲೆ ಮೆಲ್ಲಗೆ ಕೂತೇಬಿಟ್ಟರು. ಸೀರೆ ವ್ಯಾಪಾರಿ ಓಡಿಬಂದು, "ಮಗಳ ಮದುವೆ ಯಾವಾಗ ಆಯ್ತು? ನಮ್ಮಲ್ಲಿ ಸೀರೆ ತಗೊಳ್ಳಲಿಲ್ಲವಲ್ಲ!" ಎಂದು ಜಗಳಕ್ಕೇ ನಿಂತ.

ಡಾಕ್ಟರ ಒಪ್ಪಿಗೆ ಸಿಕ್ಕಿದ ಮೇಲೆ ಹಿತ್ತಲಲ್ಲಿ ತಾಲೀಮು. ಮೊದಲು ಖಾಲಿ ಬಕೆಟ್ಟು, ಆಮೇಲೆ ನೀರು ತುಂಬಿದ್ದು. ಮುಕ್ತಾ ಎಲೆ ಹಾಸಿ ಎದುರು ಕೂತು, "ಸಾಕು ಸಾಕು, ನೀರಿಗೆಲ್ಲ ಇಷ್ಟು ಉಪಚಾರ ಎಂತಕ್ಕೆ?" ಎನ್ನುತ್ತಿದ್ದರು.

ಅಷ್ಟಮಿ ಬಂತು. ಡಾ. ಘೋಷಾಲ್ ಅವರನ್ನು ಮೊದಲ ಎಲೆಗೆ ಕೂರಿಸಿದ್ದೆವು. ರವಿರಾಜ ಬಕೆಟ್ಟಿನ ಹಿಡಿಕೆ ಬಿಡಲೊಲ್ಲ.

"ಭಾವ, ಬೀಳುದಾದ್ರೆ ಮೊದ್ಲು ಬಕೆಟ್ ನನ್ಗೆ ಕೊಟ್ಟು ಮತ್ತೆ ಬೀಳಿ."

"ನೀನು ಬಾಗಿಲಿಗೆ ಹೋಗು ಮಾರಾಯ. 'ಬನ್ನಿ ಬನ್ನಿ' ಹೇಳು."

ಶೀನಣ್ಣ ಬಕೆಟ್ಟು ಎತ್ತಿದರು. ಡಾಕ್ಟರ್ ಶೀನಣ್ಣನ ಮುಖ ನೋಡಲಿಲ್ಲ, ಬಲಗಾಲನ್ನೇ ನೋಡುತ್ತಿದ್ದರು. ಮೊಣಕಾಲು ನೆಟ್ಟಗಿತ್ತು. ಸೊಂಟ ಬಗ್ಗಿತು, ಸೌಟು ಇಳಿಯಿತು, ಪಾಯಸ ಎಲೆಯಲ್ಲಿ ದುಂಡಗೆ ನಿಂತಿತು. ಮತ್ತೆ ಎದ್ದರು. ಎರಡನೆಯ ಎಲೆ, ಮೂರನೆಯದು, ಆಮೇಲೆ ಹಳೆಯ ವೇಗ. ಕೊನೆಯ ಎಲೆ ಮುಗಿಸಿ ಬಕೆಟ್ಟು ನೆಲಕ್ಕಿಟ್ಟಾಗ ಮೊದಲ ಶಿಳ್ಳೆ ಹಾಕಿದವನು ಬಾಗಿಲಲ್ಲಿದ್ದ ರವಿರಾಜ. ಪ್ರೊಫೆಸರುಗಳು ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದರು. ಮುಕ್ತಾ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಹನುಮಂತ ಸಮುದ್ರ ಹಾರಿ ಇಳಿದಾಗಲೂ ಇಷ್ಟು ಗದ್ದಲ ಆಗಿರಲಿಕ್ಕಿಲ್ಲ.

ಡಾ. ಘೋಷಾಲ್ ಎಲೆ ಬಿಟ್ಟು ಎದ್ದು ಬಂದರು. "ಹೇಳಿ ದಾದಾ, ಏನನ್ನಿಸ್ತಾ ಇದೆ ಈಗ?"

ಶೀನಣ್ಣ ಬಕೆಟ್ಟಿನ ತಳದಲ್ಲಿ ಉಳಿದದ್ದನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟುಕೊಂಡು ಯೋಚಿಸಿದರು.

"ಬೆಲ್ಲ ಸ್ವಲ್ಪ ಕಮ್ಮಿ ಆಯ್ತು."