ಚಿಟಿಕೆ ವಿಭೂತಿಯೂ ಮಣ್ಣು ಕಾಣದ ಕೂಸೂ

ಮಸ್ಕತ್ತಿನ ಅಲ್ ಮಬೇಲಾದ ವರ್ಕ್‌ಶಾಪುಗಳ ಸಾಲಿನಲ್ಲಿ ಬೆಳಕು ಹರಿಯುವ ಮೊದಲೇ ಒಂದು ಶೆಡ್ಡಿನ ಶಟರ್ ಮೇಲೇಳುತ್ತದೆ. ಒಳಗೆ ಬಂದ ಗೂಳಪ್ಪ ಮೊದಲು ನಲ್ಲಿಯ ಕೆಳಗೆ ಮೊಣಕೈವರೆಗೆ ತೊಳೆದುಕೊಳ್ಳುತ್ತಾರೆ, ಒರೆಸಿಕೊಳ್ಳುತ್ತಾರೆ, ಮತ್ತೆ ತೊಳೆಯುತ್ತಾರೆ. ಮೇಜಿನ ಮೇಲೆ ಹೊಸ ಪ್ಲೈವುಡ್ ಪೆಟ್ಟಿಗೆ. ಅದಕ್ಕೆ ಬಿಳಿ ಹತ್ತಿಬಟ್ಟೆ ಹಾಸಿ, ಪಕ್ಕದ ರಟ್ಟಿನ ಡಬ್ಬಿಯಿಂದ ಮೂಳೆಗಳ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಇಡುತ್ತಾರೆ. ಮುಚ್ಚಳ ಹಾಕುವ ಮೊದಲು ಇನ್ನೊಮ್ಮೆ ಬಗ್ಗಿ ನೋಡುತ್ತಾರೆ. "ಅವ್ರದು ಬಿಟ್ರ ಮತ್ತೇನೂ ಇರಬಾರದ್ರೀ ಒಳಗ," ಎನ್ನುತ್ತಾರೆ.

ಹುನಗುಂದದ ಕಡೆಯ ಗೂಳಪ್ಪ ಮೊದಲು ಒಮಾನಿನದೇ ಸಹಮ್ ಊರಿನ ತೋಟವೊಂದರಲ್ಲಿ ಟೊಮೆಟೊ ಪೆಟ್ಟಿಗೆ ಕಟ್ಟಿಸುತ್ತಿದ್ದವರು. ಈಗ ಅಲ್ ಖುವೈರ್‌ನಲ್ಲಿ ಕಚೇರಿಯಿರುವ ಕಾರ್ಗೊ ಕಂಪನಿಯೊಂದರ ಪ್ಯಾಕಿಂಗ್ ಸೂಪರ್‌ವೈಸರ್. ಗಾಜಿನ ದೀಪ, ಎ.ಸಿ. ಯಂತ್ರ, ಮದುವೆಯ ಸೋಫಾ, ದಿನಕ್ಕೆ ಹತ್ತು ಹನ್ನೆರಡು ಪೆಟ್ಟಿಗೆ ಇವರ ಕೈ ದಾಟಿ ಹೋಗುತ್ತವೆ. ಬೇಸಿಗೆಯಲ್ಲಿ ಶೆಡ್ಡಿನ ತಗಡು ಕಾದು ಸ್ಕ್ರೂಡ್ರೈವರ್ ಹಿಡಿಯಲಾಗುವುದಿಲ್ಲ. ಅದನ್ನು ಅವರು ಕಷ್ಟವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ಮೂಳೆಗಳದು ಬೇರೆ ಕತೆ. ಸಮುದ್ರದಾಚೆಯ ದೇಶವೊಂದರಲ್ಲಿ ಕಾಡನ್ನೇ ನಂಬಿದ್ದ ಮೂಲನಿವಾಸಿಗಳ ಊರಿಗೆ ಅಲ್ಲಿನ ಸರ್ಕಾರದವರೇ ಬೆಂಕಿ ಇಟ್ಟು ಒಕ್ಕಲೆಬ್ಬಿಸಿದರು. ತನಿಖೆಯವರು ಸತ್ತವರ ಅವಶೇಷಗಳನ್ನು ಪುರಾವೆಯೆಂದು ಅಗೆದು ದೂರದ ಪ್ರಯೋಗಾಲಯಕ್ಕೆ ಒಯ್ದರು, ಒಯ್ದವರು ಮರೆತರು. ವರ್ಷಗಟ್ಟಲೆ ಬಡಿದಾಡಿದ ಮೇಲೆ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಕೋರ್ಟು ತೀರ್ಪು ಕೊಟ್ಟಿತು: ಜಮೀನು ಹಿಂದಿರುಗಿಸಿ, ಬಹಿರಂಗವಾಗಿ ಕ್ಷಮೆ ಕೇಳಿ, ಸತ್ತವರನ್ನು ಮರ್ಯಾದೆಯಿಂದ ಮನೆಯವರಿಗೆ ಒಪ್ಪಿಸಿ. ಆ ಮರ್ಯಾದೆಯ ಪೆಟ್ಟಿಗೆ ಕಟ್ಟುವ ಗುತ್ತಿಗೆ, ವಿಮಾನ ಬದಲಾಗುವ ಮಸ್ಕತ್ತಿನಲ್ಲಿ, ಗೂಳಪ್ಪನವರ ಕಂಪನಿಗೆ ಬಂತು.

ಮೊದಲು ಹೋಗಬೇಕಾದದ್ದು ಒಂದೇ ಪೆಟ್ಟಿಗೆ, ಒಂದು ಹೆಣ್ಣುಕೂಸಿನದು. ತಾಯಿಗೆ ವಯಸ್ಸಾಗಿದೆ, ಅವಳ ಕೈಗೇ ಮೊದಲು ಕೊಡೋಣವೆಂದು ಊರೇ ತೀರ್ಮಾನಿಸಿತ್ತು. ಅಷ್ಟು ಸಣ್ಣ ಪೆಟ್ಟಿಗೆಯನ್ನು ಬರಿದಾಗಿ ಮುಚ್ಚಲು ಗೂಳಪ್ಪನವರಿಗೆ ಕರುಳು ಒಪ್ಪಲಿಲ್ಲ. ಅವರ ಮನೆತನದಲ್ಲಿ ವಿಭೂತಿಯಿಲ್ಲದೆ ಯಾರನ್ನೂ ಮಣ್ಣು ಮಾಡುವುದಿಲ್ಲ. "ನಮ್ಮಪ್ಪನ ಮಣ್ಣಿಗೂ ಹೋಗಾಕ ಆಗಿರಲಿಲ್ಲ ನನಗ. ಈ ಕೂಸಿಗರ ಇರ್ಲಿ ಅಂತ ಒಂದು ಚಿಟಿಕಿ ಹಾಕಿದ್ನಿರಿ. ಯಾರನ್ನೂ ಕೇಳಲಿಲ್ಲ."

ಅಲ್ಲಿ ತಾಯಿ ಮುಚ್ಚಳ ತೆಗೆದಳು. ಬಿಳಿ ಬಟ್ಟೆಯ ಮೇಲೆ ಬೂದಿ. ಬೆಂಕಿಯಲ್ಲಿ ಮಗಳನ್ನು ಕಳೆದುಕೊಂಡವಳ ಮುಂದೆ ಬೂದಿ! ಮತ್ತೆ ಸುಟ್ಟಿದ್ದಾರೆಂದು ಅವಳು ಕೂಗಿಕೊಂಡಳಂತೆ. ಬೂದಿ ತಗುಲಿದ ಹೆಣವನ್ನು ಆ ಜನ ಊರಿನ ಮಣ್ಣಿಗೆ ಸೇರಿಸುವುದಿಲ್ಲ. ಪೆಟ್ಟಿಗೆ ಊರಾಚೆಯ ಗುಡಿಸಲಿನಲ್ಲಿ ಉಳಿಯಿತು. ಉಳಿದ ಮೂಳೆಗಳೂ ಬೇಡವೆಂದು ಊರು ಬಾಗಿಲು ಹಾಕಿಕೊಂಡಿತು.

ಕಂಪನಿಯಲ್ಲಿ ಕಾಗದಪತ್ರ ನೋಡಿಕೊಳ್ಳುವ ಮಂಗಳೂರಿನ ಡೀನಾ ಸುದ್ದಿ ತಂದಾಗ ಮ್ಯಾನೇಜರು, "ದಾರಿಯಲ್ಲಿ ಧೂಳು ಹೊಕ್ಕಿತು ಅಂತ ಬರೆದುಬಿಡಿ, ಖಲಾಸ್," ಎಂದರಂತೆ. ಗೂಳಪ್ಪ ಒಪ್ಪಲಿಲ್ಲ. ಸಮುದಾಯದ ವಕೀಲರ ಮೂಲಕ ವಿಡಿಯೊ ಕರೆ ಮಾಡಿಸಿ, ಆ ತಾಯಿಯೆದುರು ಕೈಮುಗಿದರು. ಹಾಕಿದವನು ನಾನೇ, ನಮ್ಮಲ್ಲಿ ಅದು ಪ್ರೀತಿಗೆ ಹಾಕುವುದು, ನಿಮ್ಮ ಉರಿ ನನಗೆ ತಿಳಿಯಲಿಲ್ಲ ಎಂದರು. ದುಭಾಷಿ ಒಂದೊಂದು ಮಾತನ್ನೂ ಆಕೆಗೆ ತಿಳಿಸಿದ.

"ಕ್ಷಮೆ ಕೇಳಿ ಅಂತ ಕೋರ್ಟು ಹೇಳಿದ್ದು ಅಲ್ಲಿನ ಸರ್ಕಾರಕ್ಕೆ ಮಾರಾಯ್ರೆ," ಎನ್ನುವಾಗ ಡೀನಾರ ದನಿ ಏರುತ್ತದೆ. "ಜಮೀನೂ ಕೊಡ್ಲಿಲ್ಲ, ಕ್ಷಮೆಯೂ ಇಲ್ಲ. ಇಷ್ಟರವರೆಗೆ ಆ ಅಮ್ಮನ ಹತ್ರ ತಪ್ಪಾಯ್ತು ಅಂತ ಹೇಳಿದ್ದು ನಮ್ಮ ಗೂಳಪ್ಪಣ್ಣ ಒಬ್ರೇ." ಕೊಂದವರಿಗಿಲ್ಲದ ನಾಚಿಕೆಯನ್ನೆಲ್ಲ ಇವರೊಬ್ಬರೇ ಹೊತ್ತುಕೊಂಡಿದ್ದಾರೆ.

ಆ ಕರೆಯ ಕೊನೆಗೆ ತಾಯಿ ಎರಡು ಮಾತು ಹೇಳಿದಳು. ಉಳಿದವರನ್ನು ಇವನೇ ಕೈತೊಳೆದು ಕಳಿಸಲಿ. ಮಗಳ ಮೂಳೆಗಳನ್ನು ಹರಿಯುವ ಹೊಳೆಯಲ್ಲಿ ತೊಳೆದು ಮಣ್ಣು ಮಾಡುತ್ತೇನೆ. ಆದರೆ ಅಲ್ಲಿನ ಹೊಳೆ ಹರಿಯುವುದು ಮಳೆ ಬಂದರೆ ಮಾತ್ರ. ಮಳೆ ಇನ್ನೂ ಬಂದಿಲ್ಲ, ತಾಯಿ ಹಾಸಿಗೆ ಹಿಡಿದಿದ್ದಾಳೆ.

ಗೂಳಪ್ಪನವರ ಹಣೆ ಈಗ ಬೋಳು. ಹೆಂಡತಿ ಶರಣವ್ವ ದಿನಾ ಪೂಜೆಯ ಹೊತ್ತಿಗೆ ವಿಭೂತಿಯ ಬಟ್ಟಲು ಮುಂದಿಡುತ್ತಾರೆ, ಹಾಗೇ ಎತ್ತಿಡುತ್ತಾರೆ. "ಎಷ್ಟಂತ ಹೇಳೂದ್ರಿ? ಊಟ ಬಿಟ್ಟಿದ್ರ ಜಗಳಾ ತೆಗೀತಿದ್ದೆ," ಎಂದು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಶೆಡ್ಡಿನಲ್ಲಿ ಕೊನೆಯ ಸ್ಕ್ರೂ ಬಿಗಿದಾಯಿತು. ಪೆಟ್ಟಿಗೆ ಒಯ್ಯಲು ಬಂದ ಡೀನಾರನ್ನು ಅವರು ಎಂದಿನಂತೆ ಕೇಳುತ್ತಾರೆ, "ಮಳಿ ಆತೇನವಾ ಅಲ್ಲಿ?" ಡೀನಾ ತಲೆಯಾಡಿಸುತ್ತಾರೆ, ಇಲ್ಲ. ಗೂಳಪ್ಪ ಮತ್ತೆ ನಲ್ಲಿಯತ್ತ ನಡೆಯುತ್ತಾರೆ.

"ನನಗೇನೂ ಬ್ಯಾಡ್ರಿ," ಎನ್ನುತ್ತಾರೆ, ನೀರಿನ ಕೆಳಗೆ ಕೈಯೊಡ್ಡಿ. "ಆ ಅವ್ವ ಇರೂದ್ರಾಗ ಒಂದು ಮಳಿ ಆಗ್ಲಿ. ಆ ಕೂಸು ಮಣ್ಣಿಗೆ ಹೋಗ್ಲಿ. ಅವತ್ತು ವಿಭೂತಿ ಹಚ್ಕೋತೀನಿ."