ಗೂಡಿಗೆ ಅಡ್ಡ ಬಂದ ಎಲೆ

ಕೋಳಿ, ಕಾಗೆ ಬಿಟ್ಟರೆ ಮೂರನೆಯ ಹಕ್ಕಿಯ ಗುರುತೇ ಇಲ್ಲದಿದ್ದ ತರೀಕೆರೆಯ ಕಾಂತರಾಜುವಿಗೆ ಹಕ್ಕಿಯ ಹುಚ್ಚು ಹಿಡಿದದ್ದು ಮದುವೆಯಾದ ಮೇಲೆ. ಹೆಬ್ಬೆ ಜಲಪಾತದ ದಾರಿಯಲ್ಲಿ ಜೀಪು ಓಡಿಸುವವನು. ಕ್ಯಾಮೆರಾ ಹೊತ್ತು ಬಂದವರ ಬಾಯಿಂದ ಒಂದೊಂದೇ ಹೆಸರು ಕಲಿತ. ಆಮೇಲೆ ಕೇಳಬೇಕೆ! ಹೆಂಡತಿ ಯಶೋಧರಾ ಮುದ್ದೆ ಬಡಿಸಿದರೆ ಇವನು ಹಕ್ಕಿಯ ಪುರಾಣ ಬಿಚ್ಚುತ್ತಿದ್ದ.

ಅದರಲ್ಲೂ ನೀಲಿ ನೊಣಹಿಡುಕ ಅಂದರೆ ಪ್ರಾಣ. ಗುಬ್ಬಿಗಿಂತ ತೆಳ್ಳಗಿನ ಮೈ, ಹಿಂದಲೆಯಲ್ಲಿ ದೃಷ್ಟಿಬೊಟ್ಟಿನಂಥ ಕಪ್ಪು ಚುಕ್ಕೆ. ಅದರ ದಾಯಾದಿ ಜಾತಿಗಳೆಲ್ಲ ಸಮುದ್ರದಾಚೆಯ ದ್ವೀಪಗಳಲ್ಲಿವೆ, ನಮ್ಮ ಕಡೆ ಇರುವುದು ಇದೊಂದೇ ಎಂದು ಯಾರೋ ಹೇಳಿದಂದಿನಿಂದ ಅದು ಅವನ ಮನೆಯ ಹಕ್ಕಿಯೇ ಆಗಿಹೋಗಿತ್ತು.

ಈ ಸಲ ಜೀಪು ಹೋಗುವ ದಾರಿಯ ಪಕ್ಕದ ಕವಲುರೆಂಬೆಯಲ್ಲೇ ಅದು ಜೇಡರ ಬಲೆ ಸುತ್ತಿ ಪುಟ್ಟ ಬಟ್ಟಲಿನಂಥ ಗೂಡು ಕಟ್ಟಿತು. ಮೂರು ಮರಿ. ಅವು ಹಾರುವ ತನಕ ಯಾರಿಗೂ ತೋರಿಸುವುದಿಲ್ಲವೆಂದು ಯಶೋಧರಾಳ ಮುಂದೆ ಆಣೆ ಇಟ್ಟಿದ್ದ. ಆದರೆ ಕ್ಯಾಮೆರಾ ಹೊತ್ತು ಬಂದ ಹಳೇ ಗಿರಾಕಿ, ಬೀರೂರಿನ ಪ್ರಸನ್ನಕುಮಾರ್, "ಈ ಕಾಡ್ನ ನಿಮ್ಮಷ್ಟು ಬಲ್ಲೋರು ಯಾರವ್ರೆ ಹೇಳಿ" ಅಂದದ್ದೇ ತಡ, ಪುಣ್ಯಾತ್ಮ ಉಬ್ಬಿಹೋದ. ಆಣೆ ಗಾಳಿಗೆ ಹೋಯಿತು, ಅವನನ್ನು ಗೂಡಿನ ಬಳಿಗೇ ಕರೆದೊಯ್ದ.

ಗೂಡಿನ ಮೇಲೆ ಅಗಲವಾದ ಎಲೆಗಳು ಬಾಗಿದ್ದವು. ಪಟ ತೆಗೆಯುವವರಿಗೆ ಎದುರಿನ ಸೊಪ್ಪು ಸವರಿ ಕೊಡುವುದು ಅವನ ರೂಢಿ. ಅವತ್ತು ಯಾರೂ ಕೇಳಿರಲಿಲ್ಲ.

"ಎಲೆ ಅಡ್ಡ ಬತ್ತದೆ ಸಾರ್, ಒಂದ್ನಿಮಿಷ," ಎಂದು ತಾನೇ ಕುಡುಗೋಲು ತಂದು ಸವರಿದ. ಬಿಸಿಲು ನೇರ ಗೂಡಿಗೆ ಬಿತ್ತು; ಗೂಡು ದೂರಕ್ಕೂ ಎದ್ದು ಕಂಡಿತು.

ಇಬ್ಬರೂ ಜೀಪಿನ ಮರೆಗೆ ಸರಿದು ಕೂತರು. ತಾಯಿ ಒಂದು ಸಲ ಬಂದು ಉಣಿಸಿ ಹೋಯಿತು. ಅಷ್ಟರಲ್ಲಿ ಪೊದೆಯೊಳಗಿಂದ ಕೆಂಬೂತವೊಂದು ರೆಂಬೆ ಹತ್ತಿತು. ಕಾಂತರಾಜು ಕಲ್ಲು ಹುಡುಕಿ ಕೈ ಎತ್ತುವುದರೊಳಗೆ ಎರಡು ಮರಿ ಅದರ ಗಂಟಲಿಗಿಳಿದಿದ್ದವು. ಮೂರನೆಯದನ್ನು ಕಚ್ಚಿಕೊಂಡೇ ಹಾರಿತು. ಕಲ್ಲು ಅವನ ಕೈಯಲ್ಲೇ ಉಳಿಯಿತು.

"ಪಾಪ. ಆದ್ರೂ ಫೋಟೋ ಚೆನ್ನಾಗ್ ಬಂದವೆ ಕಣ್ರೀ, ನಿಮ್ಮೆಸ್ರೂ ಹಾಕ್ತೀನಿ," ಎಂದ ಪ್ರಸನ್ನಕುಮಾರ್.

"ಬ್ಯಾಡಿ ಸಾರ್."

ತಾಯಿ ನೊಣ ಕಚ್ಚಿಕೊಂಡು ಬಂತು. ಗೂಡಿಗೆ ಬಗ್ಗಿತು, ಹಾರಿತು, ಮತ್ತೆ ಬಂದು ಬಗ್ಗಿತು. ನೊಣ ಕೊಕ್ಕಿನಲ್ಲೇ ಇತ್ತು. ನೋಡಲಾರದೆ ಕಾಂತರಾಜು ಜೀಪು ಹತ್ತಿದ.

ಸಂಜೆ ಯಶೋಧರಾ ಕೇಳಿದಳು, "ಮರಿ ಹಾರಿದ್ವಾ?"

ಕೆಂಬೂತ ತಿಂತು ಅನ್ನಬಹುದಿತ್ತು. ಅದೇನೂ ಸುಳ್ಳಲ್ಲ. ಆ ಮಾತು ನಾಲಗೆಯ ತುದಿಗೂ ಬಂದಿತ್ತು.

"ನಾನೇ ಸಾಯಿಸ್ಬಿಟ್ಟೆ ಕಣೇ," ಅಂದ.